ಮೂಲೆಯ ಬೀಜ

ನಮ್ಮ ಕಡೆಯ ಹೆಂಗಸರು ಸೆರಗಿನ ತುದಿಯಲ್ಲಿ ಚಿಲ್ಲರೆ ಕಟ್ಟಿಕೊಳ್ಳುತ್ತಾರೆ, ಇಲ್ಲವೆ ಒಂದು ಚೂರು ಅಡಿಕೆ, ಒಂದು ಚಿಟಿಕೆ ತಂಬಾಕು. ಕುಸುಮಾ ಅಕ್ಕೋರು ಹುಣಸೆಬೀಜ ಕಟ್ಟಿಕೊಳ್ಳುತ್ತಿದ್ದರು. ಗಂಟು ದೊಡ್ಡ ಲಿಂಬೆಹಣ್ಣಿನಷ್ಟಿರುತ್ತಿತ್ತು. ಬಾಗಿಲು ದಾಟುವಾಗ ಅದು ಚೌಕಟ್ಟಿಗೆ ಬಡಿದು ಕಟಕಟ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದೊಡನೆ ಐದನೇ ಇಯತ್ತೆಯ ಮಕ್ಕಳು ಪಾಟಿಚೀಲ ಗೋಡೆಗೆ ಸರಿಸಿ, ನಡುವಿನ ನೆಲವನ್ನು ಅಂಗೈಯಿಂದ ಒರೆಸಿ ಜಾಗ ಮಾಡುತ್ತಿದ್ದವು. ಬೇರೆ ಮಾಸ್ತರರು ಬರುವಾಗ ಮಕ್ಕಳು ಎದ್ದು ನಿಲ್ಲುತ್ತಿದ್ದವು. ಇವರು ಬರುವಾಗ ಕೆಳಗೆ ಕೂಡುತ್ತಿದ್ದವು. ಅವರೂ ಹಾಗೆಯೇ ನೆಲಕ್ಕೆ ಕುಳಿತು ಗಂಟು ಬಿಚ್ಚುತ್ತಿದ್ದರು.

ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಎನ್ನುವುದು ನಮ್ಮಲ್ಲಿ ರೂಢಿ. ತಲೆ ನೆರೆತ ಮುದುಕನೂ ನಿನ್ನೆ ಮೊನ್ನೆ ನೌಕರಿಗೆ ಬಂದ ಹುಡುಗಿಗೆ ಹಾಗೆಯೇ ಅನ್ನುತ್ತಾನೆ. ಅದು ಹೆಸರಲ್ಲ, ಹುದ್ದೆ. ಈ ಮಾತನ್ನು ಯಾಕೆ ಹೇಳಿದೆನೆಂಬುದು ಮುಂದೆ ತಿಳಿಯುತ್ತದೆ.

ನಾನು ಐನಾಪುರದ ಸಮೀಪದ ಹಳ್ಳಿಯವನು. ದ್ರಾಕ್ಷಿ, ಕಬ್ಬು ಬೆಳೆದು ಬದುಕಿದವನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಎಂಬತ್ತರ ದಶಕದಲ್ಲಿ ನಮ್ಮ ಓಣಿಗೆ ಅದು ಸಾಕಷ್ಟು ದೊಡ್ಡ ಓದಾಗಿತ್ತು. ಅದಕ್ಕೇ ಶಾಲೆಯ ಕಮಿಟಿಯಲ್ಲಿ ನನ್ನ ಹೆಸರು ಹಾಕಿದರು. ಈಗ ಶಾಲೆಯವರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಹಳೆಯ ಕಮಿಟಿಯವನೆಂದು ನನ್ನ ಹತ್ತಿರ ಬಂದು, ನೆನಪಿನಲ್ಲಿ ಉಳಿದ ಗುರುಗಳೊಬ್ಬರ ಬಗ್ಗೆ ಬರೆದುಕೊಡಿ ಎಂದು ಕೇಳಿದರು. ನಾನು ಮುಖ್ಯಾಧ್ಯಾಪಕರಾಗಿದ್ದ ದೊಡ್ಡ ಮಾಸ್ತರರ ಬಗ್ಗೆ ಬರೆಯುತ್ತೇನೆಂದು ಅವರು ತಿಳಿದಿರಬೇಕು. ನಾನು ಕುಸುಮಾ ಅಕ್ಕೋರ ಬಗ್ಗೆ ಬರೆಯುತ್ತಿದ್ದೇನೆ. ಅಚ್ಚು ಹಾಕುವುದು, ಬಿಡುವುದು ಅವರಿಗೆ ಸೇರಿದ್ದು.

ನನ್ನ ಮಗಳು ಸುರೇಖಾ ಆಗ ಐದನೇ ಇಯತ್ತೆಯಲ್ಲಿದ್ದಳು. ಮಗ್ಗಿ ಅವಳಿಗೆ ಹತ್ತುತ್ತಿರಲಿಲ್ಲ. ಸಂಜೆ ನಾನು ತೋಟದಿಂದ ಬಂದು ಕಟ್ಟೆಗೆ ಕುಳಿತು ಕೇಳುತ್ತಿದ್ದೆ. ಆರರ ಮಗ್ಗಿಯಲ್ಲಿ ನಾಲ್ಕು ಹೆಜ್ಜೆ ಹೋಗಿ ನಿಂತುಬಿಡುತ್ತಿದ್ದಳು. ನಾನು ಕಿವಿ ಹಿಂಡುತ್ತಿದ್ದೆ. ಒಂದು ದಿನ ಹಾಲಿಗೆಂದು ನಮ್ಮ ಮನೆಗೆ ಬಂದಿದ್ದ ಅಕ್ಕೋರು ಅದನ್ನು ನೋಡಿದರು. ಚರಿಗೆ ಕೆಳಗಿಟ್ಟು ಹೇಳಿದರು:

"ಕಿವಿ ಹಿಂಡಿದ್ರ ಕಿವಿ ಉದ್ದ ಆಗತೈತ್ರಿ ಅಣ್ಣಾರ. ಮಗ್ಗಿ ಉದ್ದ ಆಗಂಗಿಲ್ಲ."

ನನ್ನ ಹೆಂಡತಿ ಒಳಗಿನಿಂದಲೇ ನಕ್ಕಳು. ನಾನು ಕೈ ಬಿಟ್ಟೆ. ಸುರೇಖಾ ಕಿವಿ ಉಜ್ಜಿಕೊಳ್ಳುತ್ತ ಅಕ್ಕೋರನ್ನು ನೋಡಿದ ರೀತಿ ನನಗೆ ನೆನಪಿದೆ. ನನ್ನನ್ನು ಅವಳು ಹಾಗೆ ನೋಡಿದ್ದಿಲ್ಲ.

ಅವರು ಕಲಿಸುವುದನ್ನು ನಾನು ಕಣ್ಣಾರೆ ಕಂಡದ್ದು ಶಾಲೆಗೆ ಸುಣ್ಣ ಹಚ್ಚಿಸುವ ಮಾತಾಡಲು ಹೋದಾಗ. ದೊಡ್ಡ ಮಾಸ್ತರರು ಊಟಕ್ಕೆ ಹೋಗಿದ್ದರು. ನಾನು ಪಡಸಾಲೆಯಲ್ಲಿ ನಿಂತು ಐದನೇ ಇಯತ್ತೆಯ ಕಿಟಕಿಯಿಂದ ಒಳಗೆ ನೋಡಿದೆ. ಅವತ್ತು ವರ್ಗದ ಪಾಠ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದಕ್ಕೆ ಪುಸ್ತಕದಲ್ಲಿ ವರ್ಗ ಎನ್ನುತ್ತಾರೆ. ನಾವು ಕಲಿಯುವಾಗ ಮಾಸ್ತರರು ಇಪ್ಪತ್ತರವರೆಗೆ ಬೋರ್ಡಿನ ಮೇಲೆ ಬರೆದುಹಾಕಿ, ನಾಳೆ ಬಾಯಿಪಾಠ ಒಪ್ಪಿಸಿರಿ ಎಂದಿದ್ದರು. ಕಲಿಸುವುದು ಅಂದರೆ ಅಷ್ಟೇ ಎಂದು ತಿಳಿದಿದ್ದೆ.

ಅಕ್ಕೋರು ನೆಲದ ಮೇಲೆ ಒಂದು ಬೀಜ ಇಟ್ಟರು.

"ಇದು ಒಂದರ ವರ್ಗ. ಒಬ್ಬನ ಮನಿ. ಈಗ ಇದಕ್ಕ ದಡಿ ಹಚ್ಚೂನು. ಸೀರಿಗೆ ಇರತೈತಲ್ಲ, ಹಂಗ. ಬಲಕ್ಕೊಂದ, ಕೆಳಗೊಂದ." ಎರಡು ಬೀಜ ಇಟ್ಟರು. "ಆತೇನು?"

"ಆತ್ರಿ," ಎಂದವು ಮಕ್ಕಳು.

"ಆಗಿಲ್ಲ. ಎರಡೂ ದಡಿ ಕೂಡೂ ಜಾಗಾ ನೋಡ್ರಿ. ಮೂಲಿ ಖಾಲಿ ಐತಿ. ಸೀರಿ ಮೂಲಿ ಹರದಿದ್ರ ನಿಮ್ಮವ್ವ ಉಟ್ಕೋತಾಳೇನು?" ಮೂಲೆಯಲ್ಲಿ ಇನ್ನೊಂದು ಬೀಜ ಇಟ್ಟರು. "ಈಗ ಎಷ್ಟು?"

"ನಾಕ್ರಿ."

"ಎರಡರ ವರ್ಗ ನಾಕ. ಮತ್ತ ದಡಿ ಹಚ್ರಿ. ಈ ಕಡೆ ಎರಡ, ಆ ಕಡೆ ಎರಡ. ಮೂಲ್ಯಾಗಿಂದ ಮರೀಬ್ಯಾಡ್ರಿ."

ಮೂಲ್ಯಾಗಿಂದ ಮರೀಬ್ಯಾಡ್ರಿ. ಮೂಲೆಯದನ್ನು ಮರೆಯಬೇಡಿರಿ ಎಂಬ ಆ ಮಾತನ್ನು ಅವರು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ. ಮಕ್ಕಳು ಗೋಲಿ ಆಡುವಾಗ ಹೇಳುತ್ತಿದ್ದವು, ಕಸ ಗುಡಿಸುವಾಗ ಹೇಳುತ್ತಿದ್ದವು.

ಅವತ್ತು ಕುರಿಯವರ ಹುಡುಗನೊಬ್ಬ ಎದ್ದು ಮೂರರ ವರ್ಗ ಆರು ಎಂದ. ಅದು ಎಲ್ಲರೂ ಮಾಡುವ ತಪ್ಪು. ಗುಣಿಸುವ ಬದಲು ಇಮ್ಮಡಿ ಮಾಡುವುದು. ದೊಡ್ಡ ಮಾಸ್ತರರಾಗಿದ್ದರೆ ಬೆತ್ತ ಕೈಗೆ ಬರುತ್ತಿತ್ತು. ಅಕ್ಕೋರು ಮೂರು ಸಾಲು ಬೀಜ ಇಟ್ಟು, ಒಂದು ಸಾಲನ್ನು ಅಂಗೈಯಿಂದ ಮುಚ್ಚಿದರು.

"ಆರು ಅಂದಿ. ಖರೇನ, ಆರ ಅದಾವು. ಹಂಗಾದ್ರ ಮೂರನೇ ಸಾಲ ಯಾರ ತಿಂದ್ರು? ನಿನ್ನ ಬಾಯಿ ತಗಿ ನೋಡೂನು."

ಹುಡುಗ ನಿಜವಾಗಿ ಬಾಯಿ ತೆರೆದು ತೋರಿಸಿದ. ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ. ಆಮೇಲೆ ಅವನೇ ಒಂದು ಪ್ರಶ್ನೆ ಕೇಳಿದ. ನಮ್ಮಲ್ಲಿ ಮಗ್ಗಿಯನ್ನು ಮೂರ ಮೂರ್ಲೆ ಒಂಬತ್ತ, ನಾಕ ನಾಕ್ಲೆ ಹದಿನಾರ ಎಂದು ಹಾಡುತ್ತಾರೆ.

"ಅಕ್ಕೋರ, ಮೂರಕ್ಕ ಲೇ ಅಂತೀವಿ. ಹನ್ನೆರಡ ಅಂದ್ರ ದೊಡ್ಡಾಂವ, ಅವಂಗೂ ಲೇ ಅನ್ನೂದೇನ್ರಿ? ಹನ್ನೆರಡ ಹನ್ನೆರಡ್ರೀ ಅನ್ನಬೇಕಲ್ರಿ?"

"ಅನ್ನಪಾ. ಮರ್ಯಾದಿ ಕೊಟ್ರ ಹನ್ನೆರಡೇನ ಸಿಟ್ಟಾಗೂದಿಲ್ಲ," ಎಂದರು ಅಕ್ಕೋರು. "ಆದ್ರ ಎಷ್ಟಂತ ಹೇಳಿ ಕುಂದ್ರು."

ಸುರೇಖಾ ಕೋಣೆಯ ಮೂಲೆಯಲ್ಲಿ ಕುಳಿತಿದ್ದಳು. ಅಕ್ಕೋರು ಒಂದು ಹಿಡಿ ಬೀಜ ಅವಳ ಮುಂದೆ ಸುರಿದರು. ಏನೂ ಕೇಳಲಿಲ್ಲ. ಅವಳು ಇಡುತ್ತ ಹೋದಳು. ನಾನು ಸುಣ್ಣದ ಮಾತು ಬಿಟ್ಟು ತಿರುಗಿ ಬಂದೆ. ಆ ವಾರ ಮನೆಯಲ್ಲಿ ಅವಳು ಚಾಪೆಯ ಮೇಲೆ ಮನೂಕ, ಅಂದರೆ ಒಣದ್ರಾಕ್ಷಿ, ಇಟ್ಟುಕೊಂಡು ಚೌಕ ಕಟ್ಟುವುದು, ದಡಿ ಹಚ್ಚುವುದು, ಆಮೇಲೆ ಚೌಕವನ್ನೇ ತಿಂದುಹಾಕುವುದು ನಡೆಯಿತು. "ಆರರ ವರ್ಗ ತಿಂದ್ನಿ," ಎಂದು ಅವ್ವನಿಗೆ ಹೇಳುತ್ತಿದ್ದಳು. ನಾನು ಕಿವಿ ಹಿಂಡುವುದನ್ನು ಬಿಟ್ಟೆ.

ಅಕ್ಕೋರಿಗೆ ಒಬ್ಬ ಮಗನಿದ್ದ. ಸಂಜು. ಗಂಡ ತೀರಿಕೊಂಡ ಮೇಲೆ ಅತ್ತೆಮನೆಯವರು ಕೂಸನ್ನು ಕಬ್ಬೂರಿನಲ್ಲಿ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ನೌಕರಿ ಹಿಡಿದು ಊರೂರು ತಿರುಗುವವಳಿಗೆ ಕೂಸು ಯಾಕೆ ಎಂಬುದು ಅವರ ಮಾತು. ಅಕ್ಕೋರು ಜಗಳ ಮಾಡಲಿಲ್ಲ. ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ರಾಯಬಾಗದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಕಬ್ಬೂರು ಮುಟ್ಟುತ್ತಿದ್ದರು. ಎರಡು ತಾಸು ಮಗನ ಜೊತೆ ಕುಳಿತು ಕತ್ತಲಾಗುವಷ್ಟರಲ್ಲಿ ಹಿಂತಿರುಗುತ್ತಿದ್ದರು. ನಮ್ಮ ಮನೆಯಿಂದ ಒಂದು ಪೊಟ್ಟಣ ಮನೂಕ ಒಯ್ಯುತ್ತಿದ್ದರು. ಆ ಎರಡು ತಾಸಿನಲ್ಲಿ ಮಗನಿಗೆ ಒಂದು ಸಂಖ್ಯೆಯ ವರ್ಗ ಕಲಿಸುತ್ತಿದ್ದರು. ವಾರಕ್ಕೆ ಒಂದೇ. ಹೆಚ್ಚಿಲ್ಲ.

"ಒಮ್ಮೆಲೆ ಎಲ್ಲಾ ಕಲಸಿದ್ರ ಮುಂದಿನ ರವಿವಾರಕ್ಕ ಏನ ಉಳಿತೈತ್ರಿ ಅಕ್ಕಾರ," ಎಂದು ನನ್ನ ಹೆಂಡತಿಗೆ ಹೇಳಿದ್ದರಂತೆ.

ಸೋಮವಾರ ಹಾಲಿಗೆ ಬಂದಾಗ ಅವರು ಮಗನ ಬಗ್ಗೆ ಬೇರೇನೂ ಹೇಳುತ್ತಿರಲಿಲ್ಲ. "ನಿನ್ನೆ ಎಂಟರದು ಆತ್ರಿ," ಎನ್ನುತ್ತಿದ್ದರು. ಮುಂದಿನ ಸೋಮವಾರ "ಒಂಬತ್ತರದು ಆತ್ರಿ." ನನ್ನ ಹೆಂಡತಿಗೆ ಅಷ್ಟರಿಂದಲೇ ಎಲ್ಲ ತಿಳಿಯುತ್ತಿತ್ತು. ಹುಡುಗನಿಗೆ ಜ್ವರ ಬಂದ ವಾರ ಅವರು ಏನೂ ಹೇಳದೆ ಹಾಲು ತೆಗೆದುಕೊಂಡು ಹೋದರು.

ಈಗ ಜನವರಿ ಇಪ್ಪತ್ತಾರರ ಮಾತು ಹೇಳುತ್ತೇನೆ. ಆ ವರ್ಷ ಧ್ವಜ ಏರಿಸಿದ ಮೇಲೆ ಮಕ್ಕಳ ಹಾಡು ಭಾಷಣ ಮುಗಿದವು. ಅಕ್ಕೋರು ಒಂದು ಆಟ ಇಟ್ಟಿದ್ದರು. ಮಕ್ಕಳು ದೊಡ್ಡವರ ಹತ್ತಿರ ಹೋಗಿ ವರ್ಗ ಕೇಳಬೇಕು, ದೊಡ್ಡವರು ಮೈಕಿನಲ್ಲಿ ಹೇಳಬೇಕು. ಕಮಿಟಿಯವರು ಕುರ್ಚಿಯಲ್ಲಿ ಕುಳಿತಿದ್ದೆವು. ಇಬ್ಬರು ಮೂವರು ಗೊತ್ತಿಲ್ಲವೆಂದು ಕೈ ಮುಗಿದು ನಕ್ಕರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಸುರೇಖಾ ನನ್ನ ಹತ್ತಿರ ಬಂದಳು. ಹೊಸ ರಿಬ್ಬನ್ನು ಕಟ್ಟಿದ್ದಳು.

"ಅಪ್ಪಾ, ಹನ್ನೊಂದರ ವರ್ಗ ಎಷ್ಟು?"

ನನಗೂ ಕೈ ಮುಗಿಯಬಹುದಿತ್ತು. ಆದರೆ ಕಿಟಕಿಯಲ್ಲಿ ನಿಂತು ನೋಡಿದ ಉಪಾಯ ನನ್ನ ತಲೆಯಲ್ಲಿತ್ತು. ನನಗೂ ಅದು ಬರುತ್ತದೆ ಎಂದು ತೋರಿಸಬೇಕೆನಿಸಿತು. ಹತ್ತರ ವರ್ಗ ನೂರು. ದಡಿ ಹಚ್ಚಬೇಕು. ಈ ಕಡೆ ಹತ್ತು, ಆ ಕಡೆ ಹತ್ತು. ಮೈಕು ತೆಗೆದುಕೊಂಡು, "ನೂರಾ ಇಪ್ಪತ್ತು," ಎಂದೆ. ಗಟ್ಟಿಯಾಗಿಯೇ ಹೇಳಿದೆ.

ಮಕ್ಕಳು ಒಂದರ ಮುಖ ಒಂದು ನೋಡಿದವು. ಆಮೇಲೆ ಇಡೀ ಐದನೇ ಇಯತ್ತೆ ಒಂದೇ ದನಿಯಲ್ಲಿ, ಪ್ರಾರ್ಥನೆ ಹೇಳಿದ ಹಾಗೆ ಹೇಳಿತು:

"ಮೂಲ್ಯಾಗಿಂದ ಮರತ್ರಿ."

ಮೈದಾನದ ಜನರೆಲ್ಲ ನಕ್ಕರು. ಸುರೇಖಾ ಕೂಡ ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ಅಕ್ಕೋರು ನಗಲಿಲ್ಲ. ಬೇಗ ಬಂದು ಮೈಕು ತೆಗೆದುಕೊಂಡು, "ಅಣ್ಣಾರು ದಡಿ ಬರೊಬ್ಬರಿ ಹಚ್ಯಾರ. ಒಂದ ಬೀಜ ಅವರ ಕಿಸೆದಾಗ ಉಳದೈತಿ, ಅಷ್ಟ," ಎಂದರು. ನನ್ನನ್ನು ಕಾಪಾಡಲಿಕ್ಕೆ ಹಾಗೆ ಹೇಳಿದರು. ಅದಕ್ಕೆ ಜನ ಇನ್ನೂ ಹೆಚ್ಚು ನಕ್ಕರು. ಯಾರೋ ಹಿಂದಿನಿಂದ "ಕಿಸೆ ತಪಾಸಿಸ್ರಿ," ಎಂದು ಕೂಗಿದರು.

ಅಲ್ಲಿಗೆ ಮುಗಿಯಬೇಕಿತ್ತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಮರಾಠಿ ಮಾತಾಡುವವನು. ಮರುದಿನ ನನ್ನನ್ನು ಕಂಡು, "ಯಾ ಎಕ್ಶೇವೀಸ, ಬಸಾ," ಎಂದ. ಬನ್ನಿ ನೂರಿಪ್ಪತ್ತು, ಕೂಡಿರಿ ಎಂದು ಅರ್ಥ. ವಾರದೊಳಗೆ ಊರಿಗೆಲ್ಲ ನಾನು ಎಕ್ಶೇವೀಸ ಆದೆ. ದ್ರಾಕ್ಷಿ ಹಂಗಾಮು ಶುರುವಾದಾಗ ಮಿರಜದ ಕಡೆಯಿಂದ ಬಂದ ದಲಾಲರೂ ತೋಟದಲ್ಲಿ ಅದೇ ಹೆಸರು ಕರೆದರು. ಪೆಟ್ಟಿಗೆ ತುಂಬುವ ಹೆಣ್ಣಾಳುಗಳು ತಲೆ ತಗ್ಗಿಸಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕದ್ದು ಬಾಯಿ ಮಾತ್ರ. ಒಳಗೆ ಒಂದು ಕಡೆ ಗಟ್ಟಿಯಾಗುತ್ತ ಬಂತು. ಬೇರೆ ಯಾರ ಮೇಲೂ ಅಲ್ಲ, ಅಕ್ಕೋರ ಮೇಲೆ. ಅವರು ನನಗೆ ಏನು ಕೆಟ್ಟದ್ದು ಮಾಡಿದ್ದರು ಎಂದು ಕೇಳಿದರೆ ಉತ್ತರವಿಲ್ಲ. ಆಗಲೂ ಇರಲಿಲ್ಲ.

ಹೋಳಿಹುಣ್ಣಿಮೆ ಮುಗಿದ ಮೇಲೆ ಅಕ್ಕೋರು ಒಂದು ಸಂಜೆ ಮನೆಗೆ ಬಂದರು. ಅವತ್ತು ಚರಿಗೆ ತಂದಿರಲಿಲ್ಲ. ಕಟ್ಟೆಯ ತುದಿಗೆ ಕುಳಿತರು.

"ಅಣ್ಣಾರ, ನಮ್ಮ ಸಾಲ್ಯಾಗ ಒಬ್ಬರ ಹೆಚ್ಚಾಗ್ಯಾರಂತ. ನಾನರ ಹೋಗಬೇಕು, ಇಲ್ಲಾ ಆರನೇ ಇಯತ್ತೆ ಸರ ಹೋಗಬೇಕು. ಮ್ಯಾಲಿನ ಸಾಹೇಬ್ರು ಬಂದು ಕಮಿಟಿಯವ್ರನ್ನ ಕೇಳ್ತಾರಂತ."

"ಹೌದ್ರಿ, ಕೇಳಿನಿ," ಎಂದೆ.

"ಸರ ಅವರಿಗೆ ಎಲ್ಲಿ ಆದ್ರೂ ನಡಿತೈತಿ, ಅವರ ಹೇಳ್ಯಾರ. ನನಗ ಇಲ್ಲಿಂದಾದ್ರ ರವಿವಾರ ಕಬ್ಬೂರಿಗೆ ಹೋಗಿ ಬರಾಕ ಆಗತೈತ್ರಿ. ದೂರ ಹಾಕಿದ್ರ ಆಗೂದಿಲ್ಲ. ಅವ ಈಗ ಹದಿನಾಲ್ಕರ ವರ್ಗಕ್ಕ ಬಂದಾನ." ಸೆರಗಿನ ಗಂಟನ್ನು ಬೆರಳಿನಿಂದ ಒತ್ತಿದರು. "ನೀವ ಒಂದ ಮಾತ ಹೇಳಿದ್ರ ಸಾಕ್ರಿ."

"ಹೇಳ್ತೀನ್ರಿ. ನೀವೇನ ಚಿಂತಿ ಮಾಡಬ್ಯಾಡ್ರಿ."

ಅವರು ಎದ್ದು ಕೈ ಮುಗಿದರು. ನಾನೂ ಮುಗಿದೆ. ಹಾಗೆ ಹೇಳುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ. ಹೇಳುವ ಮನಸ್ಸೇ ಇತ್ತು. ಇದನ್ನು ನನ್ನನ್ನು ಉಳಿಸಿಕೊಳ್ಳಲು ಬರೆಯುತ್ತಿಲ್ಲ. ಮನಸ್ಸು ಎಷ್ಟು ಬೇಗ ತಿರುಗುತ್ತದೆ ಎಂದು ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಸಾಹೇಬರು ಬಂದದ್ದು ದ್ರಾಕ್ಷಿ ಕೊಯ್ಲಿನ ಕೊನೆಯ ದಿನಗಳಲ್ಲಿ. ಒಳ್ಳೆಯ ಮನುಷ್ಯ. ಯಾರಿಂದಲೂ ಏನೂ ಬಯಸಿದವರಲ್ಲ. ದೊಡ್ಡ ಮಾಸ್ತರರನ್ನು ಕೇಳಿದರಂತೆ. ಅವರು ಇಬ್ಬರೂ ಚೆನ್ನಾಗಿದ್ದಾರೆ, ಕಮಿಟಿಯನ್ನು ಕೇಳಿ ಎಂದರಂತೆ. ಹಾಗಾಗಿ ಸಾಹೇಬರು ನಮ್ಮ ತೋಟಕ್ಕೇ ಬಂದರು. ಬಳ್ಳಿಯ ನೆರಳಿನಲ್ಲಿ ಚಾಪೆ ಹಾಸಿ, ಒಂದು ತಟ್ಟೆ ದ್ರಾಕ್ಷಿ ಇಟ್ಟೆ. ಅವರು ಒಂದೆರಡು ಬಾಯಿಗೆ ಹಾಕಿಕೊಂಡು ನಕ್ಕರು.

"ಚಹಾದಂಗಡ್ಯಾಗ ನಿಮ್ಮ ತೋಟ ಎಲ್ಲಿ ಅಂತ ಕೇಳಿದ್ನಿ. ಯಾರು, ಎಕ್ಶೇವೀಸನ ತೋಟಾನ ಅಂದ. ಏನ್ರಿ ಅದು, ನೂರಾ ಇಪ್ಪತ್ತ ಎಕರೇ ಐತೇನ?"

ಆಳುಗಳು ಅಲ್ಲೇ ಇದ್ದರು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು, "ಏನಿಲ್ರಿ, ಹುಡುಗರ ಚೇಷ್ಟೆ," ಎಂದೆ. ಅವರು ಮತ್ತೆ ಕೆದಕಲಿಲ್ಲ. ಕೆಲಸದ ಮಾತಿಗೆ ಬಂದರು.

"ಅಕ್ಕೋರ ಹೆಂಗ ಕಲಸ್ತಾರ್ರಿ?"

"ಬೀಜ ಇಟಗೊಂಡ ಆಡಸ್ತಾರ್ರಿ," ಎಂದೆ.

"ಬೀಜ?"

"ಹುಣಸಿಬೀಜ. ಮಕ್ಕಳು ನೆಲದ ಮ್ಯಾಲ ಕುಂತ ಆಡ್ತಾವು. ಅಕ್ಕೋರೂ ಆಡ್ತಾರ."

"ಮತ್ತ ಪಾಠ?"

"ಅದನ್ನ ಪಾಠ ಅಂತಾರ್ರಿ."

ಸಾಹೇಬರು ಹೂಂ ಎಂದು ಇನ್ನೊಂದು ದ್ರಾಕ್ಷಿ ತೆಗೆದುಕೊಂಡರು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಬೀಜ ಇಡುತ್ತಿದ್ದುದು ನಿಜ, ನೆಲದ ಮೇಲೆ ಕೂಡುತ್ತಿದ್ದುದು ನಿಜ. ಎರಡು ಬದಿ ಸರಿಯಾಗಿ ಹೇಳಿದೆ. ಮೂಲೆಯದನ್ನು ಬಿಟ್ಟೆ. ಆರನೇ ಇಯತ್ತೆಯ ಸರ್ ಹೇಗೆಂದು ಕೇಳಿದಾಗ, "ಶಿಸ್ತಿನವ್ರ ಅದಾರ್ರಿ," ಎಂದೆ. ಅವರನ್ನು ರಸ್ತೆಯವರೆಗೆ ಕಳಿಸಿ ಬಂದು ಪೆಟ್ಟಿಗೆ ಎಣಿಸಲು ನಿಂತೆ. ಏನೂ ಅನಿಸಲಿಲ್ಲ. ಹಗುರವೂ ಅಲ್ಲ, ಭಾರವೂ ಅಲ್ಲ.

ಜೂನಿನಲ್ಲಿ ಶಾಲೆ ತೆರೆದ ವಾರವೇ ಆದೇಶ ಬಂತು. ಐಗಳಿಯ ಆಚೆ, ಹೊಲಗಳ ನಡುವಿನ ಒಂದು ತೋಟದ ಶಾಲೆ. ದಿನಕ್ಕೆ ಒಂದು ಬಸ್ಸು ಬಂದು ಒಂದು ಬಸ್ಸು ಹೋಗುವ ಜಾಗ. ಅಲ್ಲಿಂದ ರವಿವಾರ ಕಬ್ಬೂರಿಗೆ ಹೋಗಿ ಅದೇ ದಿನ ತಿರುಗಿ ಬರುವುದು ಆಗದ ಮಾತು. ಊರಿನ ಹೆಂಗಸರು "ಅಕ್ಕೋರನ್ನ ತಾಲೂಕಿನ ಮೂಲ್ಯಾಗ ಒಗದ್ರು," ಎಂದು ಮಾತಾಡಿಕೊಂಡರು. ನನ್ನ ಹೆಂಡತಿ ನನ್ನನ್ನು ಕೇಳಿದಳು:

"ನೀವ ಹೇಳಿದ್ದಿಲ್ಲೇನ?"

"ಹೇಳಿದ್ನಿ," ಎಂದೆ.

ಅವತ್ತು ಸಂಜೆ ಸುರೇಖಾ ಪಾಟಿಚೀಲ ಹೆಗಲಿನಿಂದ ತೆಗೆಯದೆ ನನ್ನ ಮುಂದೆ ಬಂದು ನಿಂತಳು. ಅವಳ ಮುಖದಲ್ಲಿ ಅಳುವಿರಲಿಲ್ಲ, ಲೆಕ್ಕ ಹತ್ತದಾಗ ಇರುತ್ತಿದ್ದ ಗೊಂದಲವಿತ್ತು.

"ಅಪ್ಪಾ, ದೊಡ್ಡ ಮಾಸ್ತರ ಅಂದ್ರು, ಅಕ್ಕೋರದು ವರ್ಗ ಆತು ಅಂತ."

"ಹೌದವಾ."

"ಎಷ್ಟಾತು?"

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಹಾಕುವುದಕ್ಕೂ ವರ್ಗ ಎನ್ನುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದ ವರ್ಗ ಒಂದೇ. ಎರಡರದು ನಾಲ್ಕು, ಮೂರರದು ಒಂಬತ್ತು. ಅಕ್ಕೋರದು ಎಷ್ಟು ಎಂದು ಅವಳು ಕೇಳುತ್ತಿದ್ದಳು. ದಡಿ ಹಚ್ಚಿ ನೋಡಲು ಬೀಜ ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಳೋ ಏನೋ.

ಅವಳ ಅವ್ವ ಒಳಗೆ ಕರೆದುಕೊಂಡು ಹೋಗಿ ತಿಳಿಸಿ ಹೇಳಿದಳು. ಆಮೇಲೆ ಒಳಗಿನಿಂದ ಅಳುವ ಸದ್ದು ಬಂತು. ನಾನು ಕಟ್ಟೆಯ ಮೇಲೆ ಕುಳಿತೇ ಇದ್ದೆ.

ಅಕ್ಕೋರು ಹೊರಡುವ ದಿನ ಊರಿನ ಅರ್ಧ ಜನ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ನಾನು ಬಳ್ಳಿಗೆ ಔಷಧ ಹೊಡೆಯುವುದಿದೆ ಎಂದು ತೋಟದಲ್ಲೇ ಉಳಿದೆ. ಅವತ್ತು ಗಾಳಿ ಇತ್ತು. ಗಾಳಿಯಲ್ಲಿ ಯಾರೂ ಔಷಧ ಹೊಡೆಯುವುದಿಲ್ಲ. ನನ್ನ ಹೆಂಡತಿಗೂ ಅದು ಗೊತ್ತು. ಅಕ್ಕೋರು ಸೆರಗಿನ ಗಂಟು ಬಿಚ್ಚಿ ಬೀಜಗಳನ್ನೆಲ್ಲ ಸುರೇಖಾಳ ಉಡಿಗೆ ಹಾಕಿದರಂತೆ. ರಾತ್ರಿ ಊಟದ ಮುಂಚೆ ಅವಳು ಪಡಸಾಲೆಯಲ್ಲಿ ಅವನ್ನು ಸಾಲಾಗಿ ಇಟ್ಟು ನೋಡಿದಳು. ಚೌಕ ಆಗಲಿಲ್ಲ. ಒಂದು ದಡಿಗೆ ಸಾಲದಷ್ಟು ಬೀಜ ಹೊರಗೆ ಉಳಿದವು. ಅಕ್ಕೋರು ಎಣಿಸಿ ಕೊಟ್ಟಿರಲಿಲ್ಲ. ಕೊಡುವಾಗ ಅವರೂ ಅಳುತ್ತಿದ್ದರಂತೆ.

ಸುರೇಖಾ ಮುಂದೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು, ಮ್ಯಾಟ್ರಿಕ್ ಪಾಸಾದಳು. ಲೆಕ್ಕದಲ್ಲಿ ಅವಳಿಗೆ ಕಷ್ಟವಾಗಲಿಲ್ಲ. ಈಗ ನಿಪ್ಪಾಣಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ, ಮೊಮ್ಮಕ್ಕಳನ್ನೂ ಕಂಡಿದ್ದಾಳೆ. ನಾನು ಮಾಡಿದ್ದರಿಂದ ನನ್ನ ಮನೆಗೆ ಏನೂ ನಷ್ಟವಾಗಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಅಳು ಬರುತ್ತಿಲ್ಲ. ಬರಲಿ ಎಂದು ಬಹಳ ವರ್ಷ ಕಾದೆ. ಕಾಲು ಜೋಮು ಹಿಡಿದಾಗ ಚಿವುಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಇದನ್ನು ಚಿವುಟಿ ನೋಡಿಕೊಂಡಿದ್ದೇನೆ. ನನ್ನ ಹೆಂಡತಿ ತೀರಿಕೊಳ್ಳುವ ಮುಂಚೆ ಅವಳಿಗಾದರೂ ಹೇಳಬೇಕೆಂದಿದ್ದೆ. ಹೇಳಲಿಲ್ಲ. ಸುರೇಖಾಳಿಗೂ ಹೇಳಿಲ್ಲ. ಸಂಚಿಕೆ ಬಂದರೆ ಅವಳು ಓದುತ್ತಾಳೆ. ಆಮೇಲೆ ಅವಳು ಬರುತ್ತಾಳೋ ಬರುವುದಿಲ್ಲವೋ ನನಗೆ ಗೊತ್ತಿಲ್ಲ.

ಅಕ್ಕೋರು ತೀರಿಕೊಂಡ ಸುದ್ದಿಯನ್ನು ಅವಳೇ ಫೋನಿನಲ್ಲಿ ಹೇಳಿದಳು. ಯಾರೋ ಹಳೆಯ ಗೆಳತಿಯಿಂದ ಅವಳಿಗೆ ಗೊತ್ತಾಗಿತ್ತು. ನಾನು ಊಟಕ್ಕೆ ಕುಳಿತಿದ್ದೆ. ಹೌದೇನು ಎಂದೆ. ಫೋನು ಇಟ್ಟು ಊಟ ಮುಗಿಸಿದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಅವರನ್ನು ಕಡೆಯ ಸಲ ಕಂಡದ್ದು ಅದಕ್ಕೂ ಬಹಳ ಮುಂಚೆ, ತೊಂಬತ್ತರ ದಶಕದ ನಡುವೆ, ರಾಯಬಾಗದ ಬಸ್‌ಸ್ಟ್ಯಾಂಡಿನಲ್ಲಿ. ನಾನು ಕೆಲಸದ ಮೇಲೆ ಹೋಗಿದ್ದೆ. ಅವರೇ ನನ್ನನ್ನು ಮೊದಲು ನೋಡಿದರು. ಕೂದಲು ಅರ್ಧ ಬೆಳ್ಳಗಾಗಿತ್ತು. ಸೆರಗಿನ ತುದಿಯಲ್ಲಿ ಗಂಟು ಹಾಗೆಯೇ ಇತ್ತು.

"ಅಣ್ಣಾರ, ನೀವೇನ್ರಿ. ಬರ್ರಿ, ಚಹಾ ಕುಡಿಯೂನು."

ಚಹಾ ಅವರೇ ಹೇಳಿದರು. ಕಲ್ಲಿನ ಬೆಂಚಿನ ಮೇಲೆ ಕುಳಿತೆವು. ಸುರೇಖಾಳನ್ನು ಕೇಳಿದರು, ನನ್ನ ಹೆಂಡತಿಯನ್ನು ಕೇಳಿದರು, ಬಾಯಿ ತೆರೆದು ತೋರಿಸಿದ ಆ ಕುರಿಯವರ ಹುಡುಗನನ್ನೂ ಕೇಳಿದರು. ತಾವು ಕಬ್ಬೂರಿಗೆ ಹೊರಟಿದ್ದರು. ಸೂಟಿ ಇದ್ದಾಗ ಮಾತ್ರ ಹೋಗುತ್ತಾರಂತೆ, ವರ್ಷಕ್ಕೆ ಎರಡು ಮೂರು ಸಲ.

"ಸಂಜು ಹೆಂಗ ಅದಾನ್ರಿ?" ಎಂದೆ.

"ಎತ್ತರ ಆಗ್ಯಾನ್ರಿ. ನನ್ನಕಿಂತ ಎತ್ತರ." ತಟ್ಟೆಗೆ ಚಹಾ ಸುರಿದುಕೊಂಡು ಊದಿದರು. "ಅವನ್ನ ಸಾಕಿದ ಚಿಗವ್ವಗ ಅವ್ವ ಅಂತಾನ. ನಂಗ ಅಕ್ಕೋರ ಅಂತಾನ್ರಿ. ಎಲ್ಲಾರೂ ಅಂತಾರಲ್ಲ, ಅದನ್ನ ಕೇಳಿ ಕಲತಾನ." ನಕ್ಕರು. "ಅಕ್ಕೋರ ಬರ್ರಿ, ಅಕ್ಕೋರ ಕುಂದ್ರಿ. ಭಾಳ ಮರ್ಯಾದಿ ಕೊಡ್ತಾನ್ರಿ."

ನಾನು ಲೋಟ ಎತ್ತಿ ಉಳಿದ ಚಹಾ ಕುಡಿದೆ.

"ವರ್ಗ ಇಪ್ಪತ್ತೈದಕ್ಕ ನಿಂತಿತ್ತಲ್ರಿ," ಎಂದರು. "ಮುಂದ ಸಾಲ್ಯಾಗ ಕಲತಾನ. ಹ್ವಾದ ಸೂಟ್ಯಾಗ ಇಪ್ಪತ್ತಾರರದು ಕೇಳಿದ್ನಿ. ಪಟ್ಟನ ಹೇಳಿದ. ಯಾರ ಕಲಿಸಿದ್ರೋ ಏನೋ, ಛಲೋ ಕಲಿಸ್ಯಾರ."

ಆಮೇಲೆ ಅವರು ನನ್ನ ಕಡೆ ತಿರುಗಿ ಆ ಮಾತು ಹೇಳಿದರು.

"ನೀವ ನನ್ನ ಸಲುವಾಗಿ ಸಾಹೇಬ್ರಿಗೆ ಹೇಳಿದ್ರಿ. ನಿಮ್ಮ ಮನ್ಯಾಗಿನ ಅಕ್ಕಾರ ಹೇಳಿದ್ರು. ಅವರು ಕೇಳಲಿಲ್ಲ, ಅದಕ್ಕ ನೀವೇನ ಮಾಡ್ತೀರಿ. ನಾ ಅವತ್ತ ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮನ್ನ ಹುಡುಕಿದ್ನಿ. ಒಂದ ಮಾತ ಹೇಳೂದ ಉಳದಿತ್ತು. ಭಾಳ ಉಪಕಾರ ಆತ್ರಿ ಅಣ್ಣಾರ."

ಕಬ್ಬೂರಿನ ಬಸ್ಸು ಅವತ್ತು ತಡವಾಗಿ ಬಂತು. ಹೇಳಲು ಬೇಕಾದಷ್ಟು ಹೊತ್ತಿತ್ತು. ಸುತ್ತ ಗದ್ದಲವಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ. ನಾನು ಮಳೆಯ ಮಾತಾಡಿದೆ. ಕಬ್ಬಿನ ಮಾತಾಡಿದೆ. ಬಸ್ಸು ಬಂದಾಗ ಅವರ ಚೀಲ ಎತ್ತಿ ಒಳಗೆ ಇಟ್ಟುಕೊಟ್ಟೆ. ಮೆಟ್ಟಿಲು ಹತ್ತುವಾಗ ಗಂಟು ಬಾಗಿಲ ಕಂಬಿಗೆ ಬಡಿದು ಕಟಕಟ ಎಂದಿತು. ಅವರು ಕಿಟಕಿಯ ಪಕ್ಕ ಕುಳಿತರು. ಕಂಡಕ್ಟರ್ ಸೀಟಿ ಊದಿದ ಮೇಲೆ, ಏನೋ ನೆನಪಾದವರ ಹಾಗೆ ಕಿಟಕಿಯಿಂದ ಬಾಗಿ, ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದರು:

"ಅಣ್ಣಾರ, ಹನ್ನೊಂದರ ವರ್ಗ ಎಷ್ಟ್ರಿ?"

"ನೂರಾ ಇಪ್ಪತ್ತೊಂದ್ರಿ ಅಕ್ಕೋರ."

"ಬರೊಬ್ಬರಿ," ಎಂದು ತಲೆ ಆಡಿಸಿದರು. ಬಸ್ಸು ಹೋಯಿತು. ಅವರ ಎದುರಿಗೆ ನಿಂತು ನಾನು ಪೂರ್ತಿ ಹೇಳಿದ್ದು ಅದೊಂದೇ.